ಸೋಲುವುದಕ್ಕೂ ಒಂದು ರೀತಿಯಿದೆ

ಸಾರ್ವಜನಿಕ ಜೀವನಕ್ಕೆ ಬರಬೇಕೆಂದಿರುವ ಮಕ್ಕಳೇ, ಗೆಲ್ಲುವ ಉಪಾಯ ಹೇಳಿಕೊಡಲು ನಿಮಗೆ ಬೇಕಾದಷ್ಟು ಜನ ಸಿಗುತ್ತಾರೆ. ನಾನು ಥಾಮಸ್ ಚಿಟೆಂಡನ್ ಎಂಬ ರೈತ ಸೋತ ಬಗೆ ಹೇಳುತ್ತೇನೆ.

ಅಮೆರಿಕದ ಈಶಾನ್ಯದಲ್ಲಿರುವ ವರ್ಮಾಂಟ್ ಆಗಿನ್ನೂ ಒಕ್ಕೂಟ ಸೇರಿರಲಿಲ್ಲ. 1777ರಲ್ಲಿ ತನ್ನದೇ ಸಂವಿಧಾನ ಬರೆದುಕೊಂಡಿದ್ದ ಪುಟ್ಟ ಗಣರಾಜ್ಯ ಅದು. ಗವರ್ನರಿಗೆ ಒಂದೇ ವರ್ಷದ ಅವಧಿ. 1778ರಿಂದ ಜನ ಪ್ರತಿ ವರ್ಷ ಚಿಟೆಂಡನ್ ಅವರನ್ನೇ ಆರಿಸುತ್ತ ಬಂದರು. ಆಮೇಲೆ ವುಡ್‌ಬ್ರಿಜ್ ಎಂಬ ಊರಿನ ಜಮೀನಿನ ಗಲಾಟೆ ಎದ್ದಿತು. ಶಾಸನಸಭೆಯನ್ನು ಕೇಳದೆ ಆಪ್ತ ಐರಾ ಆಲನ್‌ಗೆ ಸನ್ನದು ಕೊಟ್ಟರೆಂಬುದು ಅವರ ಮೇಲಿನ ಆರೋಪ. ಜನ ಇಷ್ಟು ವರ್ಷ ನಂಬಿದ್ದಾರೆ ಎಂಬ ಕಾರಣಕ್ಕೆ ಸಭೆ ಸುಮ್ಮನಿರಬೇಕಿತ್ತೇ? ಖಂಡಿತ ಇಲ್ಲ. ಪ್ರಶ್ನೆ ಕೇಳಿದ್ದು ಸರಿ.

1789ರ ಚುನಾವಣೆಯಲ್ಲೂ ಹೆಚ್ಚು ಮತ ಬಿದ್ದದ್ದು ಚಿಟೆಂಡನ್ ಅವರಿಗೇ. ಆದರೆ ಅದು ಒಟ್ಟು ಮತದ ಅರ್ಧ ದಾಟಲಿಲ್ಲ. ಅರ್ಧ ದಾಟದಿದ್ದರೆ ಶಾಸನಸಭೆಯೂ ಗವರ್ನರರ ಸಲಹಾ ಮಂಡಳಿಯೂ ಕೂಡಿ ಆರಿಸಬೇಕೆಂಬುದು ಅಲ್ಲಿನ ನಿಯಮ. ಅವರು ಮುಖ್ಯ ನ್ಯಾಯಾಧೀಶರಾಗಿದ್ದ ಮೋಸೆಸ್ ರಾಬಿನ್ಸನ್ ಅವರನ್ನು ಆರಿಸಿದರು.

‘ಹೆಚ್ಚು ಮತ ನನಗೇ ಬಂದಿದೆ, ಇದು ಅನ್ಯಾಯ’ ಎಂದು ಬೆಂಬಲಿಗರನ್ನು ಬೀದಿಗಿಳಿಸುವುದು ಅಂಥವರಿಗೆ ಕಷ್ಟವಾಗುತ್ತಿರಲಿಲ್ಲ. ಚಿಟೆಂಡನ್ ಅಧಿಕಾರ ಬಿಟ್ಟುಕೊಟ್ಟರು. ಅಷ್ಟು ಸಲ ತಮ್ಮನ್ನು ಗೆಲ್ಲಿಸಿದ್ದ ಸಂವಿಧಾನವೇ ಈ ಸಲ ಸೋಲಿಸಿತ್ತು. ಗೆದ್ದಾಗ ಒಪ್ಪಿ ಸೋತಾಗ ತಳ್ಳಿಹಾಕುವವರ ಕೈಗೆ ನಾನಂತೂ ಒಂದು ಹಾಲಿನ ಸೊಸೈಟಿಯನ್ನೂ ಕೊಡುವುದಿಲ್ಲ.

ಮುಂದಿನ ವರ್ಷ ಚಿಟೆಂಡನ್ ಮತ್ತೆ ಜನರ ಮುಂದೆ ನಿಂತು ಗೆದ್ದರು. ರಾಬಿನ್ಸನ್ ಅವರೂ ಅಷ್ಟೇ ಗೌರವದಿಂದ ಜಾಗ ಬಿಟ್ಟರು; ಅವರ ಹೆಸರನ್ನು ಜನ ಮರೆಯುವುದು ನನಗೆ ಬೇಸರ. 1791ರ ಮಾರ್ಚ್ 4ರಂದು ವರ್ಮಾಂಟ್ ಒಕ್ಕೂಟದ 14ನೇ ರಾಜ್ಯವಾದಾಗ ಗವರ್ನರ್ ಚಿಟೆಂಡನ್; ಆ ರಾಜ್ಯದಿಂದ ಸೆನೆಟ್‌ಗೆ ಹೋದ ಮೊದಲ ಇಬ್ಬರಲ್ಲಿ ಒಬ್ಬರು ರಾಬಿನ್ಸನ್. ಯಾರೂ ಅರ್ಧ ಮತ ದಾಟದಿದ್ದರೆ ಶಾಸಕರು ಆರಿಸಬೇಕೆಂಬ ನಿಯಮ ಅಲ್ಲಿ ಇವತ್ತಿಗೂ ಇದೆ. 2015ರ ಜನವರಿಯಲ್ಲಿ ಪೀಟರ್ ಶಮ್ಲಿನ್ ಗವರ್ನರ್ ಆದದ್ದು ಶಾಸಕರ 110 ಮತಗಳಿಂದ, ಎದುರಾಳಿಗೆ 69.

ಸಂಘಕ್ಕೋ ಪಂಚಾಯಿತಿಗೋ ನಾಮಪತ್ರ ಹಾಕುವ ಮೊದಲು ನಿಯಮ ಪೂರ್ತಿ ಓದಿಕೊಳ್ಳಿ. ತಪ್ಪು ಕಂಡರೆ ಆಗಲೇ ಜಗಳವಾಡಿ, ಎಣಿಕೆ ಮುಗಿದ ಮೇಲಲ್ಲ.