ಸರಾಸರಿಯನ್ನು ಕೈಯಲ್ಲಿ ಬರೆದುಕೊಳ್ಳಬೇಡಿ

ಪ್ರಶ್ನೆ: ನಾನು ಅರ್ಥಶಾಸ್ತ್ರದ ಪಿಎಚ್.ಡಿ. ವಿದ್ಯಾರ್ಥಿನಿ. ರಾಗಿ ಬೆಳೆಗಾರರ ಸಮೀಕ್ಷೆಯನ್ನು ಸ್ಟೇಟಾದಲ್ಲಿ ವಿಶ್ಲೇಷಿಸುತ್ತಿದ್ದೇನೆ. ತಾಲ್ಲೂಕುವಾರು ಸರಾಸರಿಗಳನ್ನು ಪರದೆ ನೋಡಿ ನೋಟ್‌ಬುಕ್ಕಿಗೆ ಇಳಿಸಿಕೊಂಡು, ಮುಂದಿನ ಲೆಕ್ಕಕ್ಕೆ ಅದನ್ನೇ ಬಳಸುತ್ತೇನೆ. ಈಗ ಎರಡು ಅಧ್ಯಾಯಗಳ ಅಂಕಿಗಳು ತಾಳೆಯಾಗುತ್ತಿಲ್ಲ. ‘ಅಂಕಿ ತಿದ್ದಿದ್ದೀಯಾ?’ ಎಂದು ಮಾರ್ಗದರ್ಶಕರು ಕೇಳಿದಾಗಿನಿಂದ ನಿದ್ದೆ ಬರುತ್ತಿಲ್ಲ.

ಉತ್ತರ: ಆ ಮಾತು ನೋಯಿಸುವಂಥದ್ದೇ. ಆದರೆ ನೀವು ಬರೆದಿರುವುದನ್ನು ನೋಡಿದರೆ ಇಲ್ಲಿ ಅಪ್ರಾಮಾಣಿಕತೆ ಕಾಣುವುದಿಲ್ಲ. ಅಂಕಿ ನಿಮ್ಮ ಕೈ ದಾಟಿ ಹೋಗುತ್ತಿದೆ, ತೊಂದರೆ ಅಲ್ಲೇ ಇದೆ. ದತ್ತಾಂಶದಲ್ಲಿ ಒಂದು ತಪ್ಪು ತಿದ್ದಿದರೂ ನೋಟ್‌ಬುಕ್ಕಿನಲ್ಲಿ ಹಳೆಯ ಸರಾಸರಿಯೇ ಉಳಿಯುತ್ತದೆ.

‘ಸಮರೈಸ್’ ಆಜ್ಞೆ ಕೊಟ್ಟಾಗ ಸ್ಟೇಟಾ ಉತ್ತರವನ್ನು ಪರದೆಗೆ ತಂದು ಸುಮ್ಮನಾಗುವುದಿಲ್ಲ. ಎಣಿಕೆ, ಸರಾಸರಿ, ಮಾನಕ ವಿಚಲನೆಗಳನ್ನು ಒಳಗೆ ‘ಆರ್’ ಎಂಬ ಜಾಗದಲ್ಲಿ, ಪರದೆಯ ಮೇಲೆ ಕಾಣುವುದಕ್ಕಿಂತ ಹೆಚ್ಚು ನಿಖರವಾಗಿ ಇಟ್ಟಿರುತ್ತದೆ. ‘ರಿಟರ್ನ್ ಲಿಸ್ಟ್’ ಎಂದು ಕೊಡಿ, ಎಲ್ಲ ಕಾಣುತ್ತದೆ. ಆದರೆ ಅದು ಕಪ್ಪುಹಲಗೆ ಇದ್ದಂತೆ: ಇನ್ನೊಂದು ‘ಸಮರೈಸ್’ ಕೊಟ್ಟಿರೋ, ಹಿಂದಿನದು ಅಳಿಸಿಹೋಯಿತು. ಹಾಗಾಗಿ ಮರುಸಾಲಿನಲ್ಲೇ ‘ಸ್ಕೇಲರ್’ ಬಳಸಿ ಹೆಸರು ಕೊಟ್ಟು ಹಿಡಿದಿಡಿ. ಆ ಹೆಸರು ನಿಮ್ಮ ಯಾವ ಚಲಕದ ಹೆಸರೂ ಆಗಿರಬಾರದು. ಆಗಿದ್ದರೆ ಸ್ಟೇಟಾ ಚಲಕವನ್ನೇ ಎತ್ತಿಕೊಳ್ಳುತ್ತದೆ. ‘ಲೋಕಲ್’ ಕೂಡ ಆಗಬಹುದು, ಆದರೆ ಡೂ-ಫೈಲಿನಲ್ಲಿ ಆಯ್ದ ನಾಲ್ಕು ಸಾಲುಗಳನ್ನಷ್ಟೇ ಓಡಿಸುವ ಅಭ್ಯಾಸ ನಿಮಗಿದ್ದರೆ ಬೇಡ. ಆ ಸಾಲುಗಳು ಮುಗಿದೊಡನೆ ಲೋಕಲ್ ಇರುವುದಿಲ್ಲ, ಮುಂದಿನ ಸಲ ಅದರ ಜಾಗದಲ್ಲಿ ಎಚ್ಚರಿಕೆಯೂ ಇಲ್ಲದೆ ಖಾಲಿ ಕೂರುತ್ತದೆ.

ತಾಲ್ಲೂಕುವಾರು ಲೆಕ್ಕಕ್ಕೆ ‘ಕೊಲ್ಯಾಪ್ಸ್’ ಸರಿ. ಅದು ಮೂಲ ದತ್ತಾಂಶವನ್ನು ತೆಗೆದು ಆ ಜಾಗದಲ್ಲಿ ಸಾರಾಂಶವನ್ನು ಕೂರಿಸುತ್ತದೆ. ಆದ್ದರಿಂದ ಮೊದಲು ‘ಪ್ರಿಸರ್ವ್’, ಆಮೇಲೆ ಕೊಲ್ಯಾಪ್ಸ್, ಸಾರಾಂಶವನ್ನು ಬೇರೆ ಹೆಸರಿನಲ್ಲಿ ‘ಸೇವ್’, ಕೊನೆಗೆ ‘ರಿಸ್ಟೋರ್’.

ಒಂದು ಮಾತನ್ನು ಮಾತ್ರ ಒತ್ತಿ ಹೇಳಬೇಕು. ಸರಾಸರಿಯೊಂದನ್ನೇ ಉಳಿಸಬೇಡಿ, ಎಣಿಕೆಯನ್ನೂ ಉಳಿಸಿ. ಒಂದು ತಾಲ್ಲೂಕಿನ 10 ರೈತರ ಸರಾಸರಿ ಇಳುವರಿ 20, ಇನ್ನೊಂದರ 40 ರೈತರದು 30 ಎಂದಿಟ್ಟುಕೊಳ್ಳಿ. ಎರಡನ್ನೂ ಕೂಡಿಸಿ ಅರ್ಧ ಮಾಡಿದರೆ 25. ಐವತ್ತೂ ರೈತರ ನಿಜವಾದ ಸರಾಸರಿ 28. ನಿಮ್ಮ ಎರಡು ಅಧ್ಯಾಯಗಳ ವ್ಯತ್ಯಾಸ ಇಲ್ಲಿಂದಲೂ ಬಂದಿರಬಹುದು, ಮೊದಲು ಇದನ್ನೇ ನೋಡಿ. ಮಾನಕ ವಿಚಲನೆಯೂ ಜೊತೆಗಿದ್ದರೆ ತಾಲ್ಲೂಕುಗಳನ್ನು ಒಟ್ಟುಗೂಡಿಸಿದಾಗಿನ ವಿಚಲನೆಯನ್ನೂ ಮೂಲ ಫೈಲು ತೆರೆಯದೆ ಲೆಕ್ಕ ಹಾಕಬಹುದು.

ಮಾರ್ಗದರ್ಶಕರ ಬಳಿಗೆ ಸಮಜಾಯಿಷಿ ಹೊತ್ತು ಹೋಗಬೇಡಿ. ಮೂಲ ಫೈಲಿನಿಂದ ಎರಡೂ ಕೋಷ್ಟಕಗಳವರೆಗೆ ಒಂದೇ ಡೂ-ಫೈಲು ಬರೆದು, ಅವರ ಎದುರಿಗೇ ಓಡಿಸಿ ತೋರಿಸಿ.