ಓಡಿ ಬಂದವಳಲ್ಲ, ನೋಟಿಸ್ ಕೊಟ್ಟು ಬಂದವಳು

ಮಾಲ್ಡೀವ್ಸ್‌ನ ಶಾಲೆಯಿಂದ ನಾನು ಓಡಿ ಬಂದೆ ಎಂದು ಬಾಗಲಕೋಟೆಯ ನವನಗರದ ತುಂಬ ಹೇಳಿಕೊಂಡು ತಿರುಗುವವರಿಗೆ ಒಂದು ಮಾತು. ಓಡಿ ಬರುವುದು ಬಹಳ ಸುಲಭವಿತ್ತು. ಜೊತೆಗಿದ್ದ ಟೀಚರುಗಳು ಅದನ್ನೇ ಮಾಡು ಅಂದಿದ್ದರು. ರಜೆಗೆ ಊರಿಗೆ ಹೋಗಿ ಬರ್ತೀನಿ ಅನ್ನು, ಪಾಸ್‌ಪೋರ್ಟ್ ತಾನಾಗಿ ಕೈಗೆ ಬರುತ್ತದೆ, ಆಮೇಲೆ ಈ ಕಡೆ ತಲೆ ಹಾಕಬೇಡ. ಹಾಗೆ ಹೋದವರು ಆ ದ್ವೀಪದಲ್ಲೇ ಎಷ್ಟೋ ಮಂದಿ. ನಾನು ಹಾಗೆ ಮಾಡಲಿಲ್ಲ. ಎರಡು ವರ್ಷದ ಕರಾರನ್ನು ನಡುವೆ ಬಿಟ್ಟದ್ದು ನಿಜ, ಆದರೆ ಬರೆದುಕೊಟ್ಟು, ನೋಟಿಸ್ ಅವಧಿ ಮುಗಿಸಿ, ಹಗಲಹೊತ್ತಿನಲ್ಲೇ ಬಂದೆ. ಅದಕ್ಕೆ ಒಂದು ತಿಂಗಳ ಸಂಬಳ ಹೋಯಿತು, ಟಿಕೆಟ್ಟಿನ ದುಡ್ಡು ಹೋಯಿತು, ಮಾಮಾನ ಜೊತೆ ಮಾತು ನಿಂತಿತು. ಇನ್ನೊಮ್ಮೆ ಅಂಥ ಪ್ರಸಂಗ ಬಂದರೂ ಹಾಗೇ ಬರುತ್ತೇನೆ.

ಹೋದದ್ದು ಯಾಕೆಂದು ವಿವರಿಸಬೇಕಿಲ್ಲ. ಎಂಎ, ಬಿಎಡ್ ಮಾಡಿಕೊಂಡು ಬಾಗಲಕೋಟೆಯ ಖಾಸಗಿ ಶಾಲೆಯಲ್ಲಿ ಇಂಗ್ಲಿಷ್ ಕಲಿಸುವವರಿಗೆ ಕೈಗೆ ಎಷ್ಟು ಬರುತ್ತದೆಂಬುದು ಎಲ್ಲರಿಗೂ ಗೊತ್ತು. ಮಾಲ್ಡೀವ್ಸ್‌ನ ಶಾಲೆಗಳು ಇಂಗ್ಲಿಷ್ ಮಾಧ್ಯಮದವು, ದೊಡ್ಡ ತರಗತಿಯವರು ಕೇಂಬ್ರಿಜ್ ಪರೀಕ್ಷೆ ಬರೆಯುತ್ತಾರೆ. ಕೇರಳ, ತಮಿಳುನಾಡಿನ ಟೀಚರುಗಳಿಗೆ ಅದು ಹಳೆಯ ದಾರಿ. ನಮ್ಮ ಕಡೆಯವರು ಕಡಿಮೆ. 2023ರಲ್ಲಿ ಮಾಮಾ ಪರಿಚಯದ ಏಜೆಂಟನ ಹೆಸರು ತಂದ. "ಡಾಲರ್‌ನ್ಯಾಗ ಪಗಾರ ಅದ, ಎರಡ ವರ್ಷದಾಗ ಮನಿ ಕಟ್ಟಸ್ತಿ" ಅಂದ. ಏಜೆಂಟ್ ದುಡ್ಡು ಇಸಕೊಂಡು ರಸೀದಿ ಕೊಡಲಿಲ್ಲ. ಅಟೆಸ್ಟೇಶನ್‌ಗೆ ಬೇಕೆಂದು ಬಿಎಡ್ ಅಂಕಪಟ್ಟಿಯ ಅಸಲು ಪ್ರತಿಯನ್ನೂ ಇಟ್ಟುಕೊಂಡ. ನಮ್ಮ ದೇಶದ ನೋಂದಾಯಿತ ಏಜೆಂಟರು 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿಗಿಂತ ಹೆಚ್ಚು ಸೇವಾ ಶುಲ್ಕ ತಗೊಳ್ಳುವಂತಿಲ್ಲ. ನೋಂದಣಿ ಇದೆಯೋ ಇಲ್ಲವೋ ಎಂಬುದನ್ನು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಯಾರು ಬೇಕಾದರೂ ನೋಡಬಹುದು. "ನಮ್ಮವನ ಅದಾನ, ಚೆಕ್ ಮಾಡೂದೇನದ" ಎಂದು ಮನೆಯಲ್ಲಿ ಬಾಯಿ ಮುಚ್ಚಿಸಿದವನು ಮಾಮಾ.

ನಾನು ಹೋದದ್ದು ಹುವಧು ಅಟೋಲ್ ಎಂಬ ಹವಳದ್ವೀಪ ಸಮೂಹದ ಒಂದು ದ್ವೀಪಕ್ಕೆ. ಈ ತುದಿಯಿಂದ ಆ ತುದಿಗೆ ನಡೆದು ಹೋದರೆ ಇಪ್ಪತ್ತು ನಿಮಿಷ. ತರಕಾರಿ ರಾಜಧಾನಿ ಮಾಲೆಯಿಂದ ದೋಣಿಯಲ್ಲಿ ಬರಬೇಕು, ಬಂದ ದಿನ ಸಂಜೆಗೆ ಖಾಲಿ. ಬೆಳಿಗ್ಗೆ ಮಾಸ್ ಹುನಿ, ಮಧ್ಯಾಹ್ನ ಗರುಧಿಯಾ, ಎರಡರಲ್ಲೂ ಮೀನು. ನಾನು ಒಯ್ದಿದ್ದ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಮುಗಿದ ಮೇಲೆ ಅನ್ನ, ಬೇಳೆ, ತೆಂಗಿನಕಾಯಿ. ಪೂಜೆಯ ವಿಗ್ರಹಗಳನ್ನು ಆ ದೇಶದೊಳಗೆ ಒಯ್ಯುವಂತಿಲ್ಲ ಎಂದು ಕೇಳಿ ಅವ್ವ ನನ್ನ ಕೊರಳಿನ ಲಿಂಗದ ಬಗ್ಗೆ ಹೆದರಿದ್ದಳು. ಯಾರೂ ಕೇಳಲಿಲ್ಲ. ಇದನ್ನೆಲ್ಲ ಹೇಳುವುದು ನಾನು ಊಟಕ್ಕೆ ಹೆದರಿ ಬಂದೆ ಎನ್ನುವವರಿಗಾಗಿ. ಊಟಕ್ಕೆ ಯಾರೂ ಹೆದರುವುದಿಲ್ಲ, ಹದಿನೈದು ದಿನದಲ್ಲಿ ಒಗ್ಗುತ್ತದೆ.

ಒಗ್ಗದ್ದು ಲೆಕ್ಕ. ಪಗಾರ ಡಾಲರ್‌ನಲ್ಲಿ ಬರಲಿಲ್ಲ, ಅಲ್ಲಿನ ರುಫಿಯಾದಲ್ಲಿ ಬಂತು. ತಿಂಗಳಿಗೆ 12,000. ಅಧಿಕೃತ ದರ ಡಾಲರ್‌ಗೆ 15.42 ರುಫಿಯಾ, ಅಂದರೆ 778 ಡಾಲರ್, ಆಗಿನ ದರದಲ್ಲಿ ನಮ್ಮ 64,000 ರೂಪಾಯಿಯ ಮೇಲೆ. ಆದರೆ ಆ ದರಕ್ಕೆ ಡಾಲರ್ ಸಿಗಬೇಕಲ್ಲ! ಇಡೀ ದೇಶಕ್ಕೇ ಡಾಲರ್ ಬರ. ಬ್ಯಾಂಕಿನಲ್ಲಿ ತಿಂಗಳಿಗೆ ಇಂತಿಷ್ಟೇ ಕಳಿಸಬಹುದು ಎಂಬ ಮಿತಿ, ಉಳಿದದ್ದಕ್ಕೆ ಹೊರಗಿನ ದರ. ಅಂಗಡಿಯವ 18 ಕೇಳುತ್ತಿದ್ದ. ಆ ಲೆಕ್ಕದಲ್ಲಿ ಅದೇ ಪಗಾರ 55,000ಕ್ಕೆ ಇಳಿಯುತ್ತದೆ. ಅದರಲ್ಲಿ ಊಟ, ಪಾಲಿನ ಕೋಣೆಯ ಬಾಡಿಗೆ, ಫೋನು, ಇಲ್ಲಿ ಏಜೆಂಟನಿಗೆ ಕೊಡಲು ಮಾಡಿದ ಸಾಲದ ಕಂತು. ಕರಾರಿನಲ್ಲಿ ವಸತಿ ಉಚಿತ ಎಂದಿತ್ತು. ಸೆಕೆಂಡರಿ ಇಂಗ್ಲಿಷ್ ಎಂದಿತ್ತು. ಕೊಟ್ಟದ್ದು ಸಣ್ಣ ಮಕ್ಕಳ ಕ್ಲಾಸು, ಸಂಜೆ ದೊಡ್ಡವರ ರೆಮಿಡಿಯಲ್, ಶನಿವಾರ ಮತ್ತೇನೋ ಕಾರ್ಯಕ್ರಮ. ಎರಡು ಸಲ ಬರೆದು ಕೇಳಿದೆ. ಮುಂದಿನ ಟರ್ಮ್‌ಗೆ ಸರಿ ಮಾಡೋಣ ಅಂದರು. ಟರ್ಮ್ ಬಂತು, ಹೋಯಿತು.

ನಡುವೆ 2024ರ ಜನವರಿಯಲ್ಲಿ ಅಲ್ಲಿನ ಉಪಮಂತ್ರಿಗಳು ನಮ್ಮ ಪ್ರಧಾನಿಯ ಬಗ್ಗೆ ಏನೇನೋ ಬರೆದು ಅಮಾನತಾದರು. ಇಲ್ಲಿ ಎಲ್ಲರೂ ಮಾಲ್ಡೀವ್ಸ್‌ ಬಹಿಷ್ಕಾರದ ಮಾತಾಡಿದರು. ಮನೆಯಿಂದ ದಿನಾ ಫೋನು. ದ್ವೀಪದಲ್ಲಿ ಒಬ್ಬರೂ ನನಗೆ ಕೆಟ್ಟ ಮಾತಾಡಲಿಲ್ಲ. ನಾನು ಬಂದದ್ದು ಅದಕ್ಕಲ್ಲ.

ರಾಜೀನಾಮೆ ಕೊಟ್ಟೆ. ಕರಾರಿನ ಪ್ರಕಾರ ಒಂದು ತಿಂಗಳ ನೋಟಿಸ್ ಕೊಡಬೇಕಿತ್ತು. ಕೊಟ್ಟು, ಸ್ವೀಕೃತಿಯ ಸಹಿ ಹಾಕಿಸಿಕೊಂಡು, ಕೊನೆಯ ದಿನದವರೆಗೆ ಪಾಠ ಮಾಡಿದೆ. ಪಾಸ್‌ಪೋರ್ಟ್ ಮಾತ್ರ ಶಾಲೆಯ ಕಚೇರಿಯ ಕಬ್ಬಿಣದ ಕಪಾಟಿನಲ್ಲಿ. ಬಂದ ದಿನ ವರ್ಕ್ ಪರ್ಮಿಟ್‌ಗೆಂದು ಇಸಕೊಂಡವರು ವಾಪಸ್ ಕೊಟ್ಟಿರಲಿಲ್ಲ.

ಆ ಮಧ್ಯಾಹ್ನ ಇನ್ನೂ ಕಣ್ಣ ಮುಂದಿದೆ. ವಿಮಾನ ನಿಲ್ದಾಣದ ದ್ವೀಪಕ್ಕೆ ಸ್ಪೀಡ್ ಬೋಟ್ ನಾಲ್ಕಕ್ಕೆ. ಮರುದಿನ ಮಾಲೆಯಿಂದ ಬೆಂಗಳೂರಿಗೆ ನನ್ನ ದುಡ್ಡಿನ ಟಿಕೆಟ್. ಎರಡಕ್ಕೆ ಕಚೇರಿಗೆ ಹೋದೆ. ಆಡಳಿತಾಧಿಕಾರಿ ತಲೆ ಎತ್ತದೆ, ಮೂರು ತಿಂಗಳ ಸಂಬಳ ಕಟ್ಟು, ಆಮೇಲೆ ಪಾಸ್‌ಪೋರ್ಟ್ ಅಂದ. ಕರಾರಿನ ಪ್ರತಿ ತೆಗೆದು ಮುಂದಿಟ್ಟೆ. ಅದು ಹಳೆಯ ಫಾರಂ ಅಂದ. ನಿನ್ನದೇ ಸಹಿ ಇದೆ ಅಂದೆ. ಕೀಲಿ ಇರುವವರು ಪಕ್ಕದ ದ್ವೀಪಕ್ಕೆ ಮದುವೆಗೆ ಹೋಗಿದ್ದಾರೆ ಅಂದ. ಕೀಲಿಗೊಂಚಲು ಅವನ ಮೇಜಿನ ಮೇಲೇ ಇತ್ತು, ನನಗೆ ಕಾಣುತ್ತಿತ್ತು. ಹೊರಗೆ ಕಿಟಕಿಯ ಹತ್ತಿರ ತಿರುನೆಲ್ವೇಲಿ ಕಡೆಯ ಟೀಚರಮ್ಮ ನಿಂತು ಕೈಸನ್ನೆ ಮಾಡಿದರು, ಬಿಟ್ಟುಬಿಡು, ಎದ್ದು ಬಾ ಎಂದು. ಅವರ ಪಾಸ್‌ಪೋರ್ಟೂ ಅದೇ ಕಪಾಟಿನಲ್ಲಿತ್ತು, ಅವರ ಭಯ ನನಗೆ ತಿಳಿಯುತ್ತದೆ. ನಾನು ಕುರ್ಚಿ ಬಿಟ್ಟು ಏಳಲಿಲ್ಲ. ಭಾರತದ ಪಾಸ್‌ಪೋರ್ಟ್ ಯಾರ ಕೈಯಲ್ಲಿದ್ದರೂ ಅದು ಭಾರತ ಸರ್ಕಾರದ ಸ್ವತ್ತು, 1967ರ ಪಾಸ್‌ಪೋರ್ಟ್ ಕಾಯ್ದೆಯ 17ನೇ ಕಲಮು ಅಷ್ಟೇ ಹೇಳುತ್ತದೆ. ಅದನ್ನು ಹಿಂದಿನ ರಾತ್ರಿಯೇ ಒಂದು ಹಾಳೆಯ ಮೇಲೆ ಬರೆದು, ವಿದೇಶಾಂಗ ಸಚಿವಾಲಯದ ಮದದ್ ಪೋರ್ಟಲ್‌ನಲ್ಲಿ ದಾಖಲಿಸಿದ ದೂರಿನ ಸಂಖ್ಯೆಯನ್ನೂ ಕೆಳಗೆ ಹಾಕಿ ಒಯ್ದಿದ್ದೆ, ಈಗ ಅವನ ಮುಂದಿಟ್ಟೆ. ಓದಿದ. ಮಡಚಿ ಡ್ರಾಯರಿಗೆ ಹಾಕಿದ. ಎಸಿ ಗುಂಯ್‌ಗುಡುತ್ತಿತ್ತು. ಮೂರಾಯಿತು. ಮೂರೂಕಾಲು. ನನ್ನ ಕೈಗಳು ನಡುಗುತ್ತಿದ್ದವು, ಅದು ಅವನಿಗೆ ಕಾಣಬಾರದೆಂದು ಸೆರಗಿನೊಳಗೆ ಇಟ್ಟುಕೊಂಡೆ.

ಆಗ ಬಂದವಳು ನನ್ನ ಕ್ಲಾಸಿನ ಒಬ್ಬ ಹುಡುಗನ ತಾಯಿ, ಸಂಜೆ ಬಂದರಿನಲ್ಲಿ ಹೆದಿಕಾ ತಿಂಡಿ ಮಾರುವಾಕೆ. ದಾರಿಗೆಂದು ನನಗೆ ಮೀನಿಲ್ಲದ ರೋಶಿ ರೊಟ್ಟಿ ಕಟ್ಟಿ ತಂದಿದ್ದಳು. ನನ್ನ ಮುಖ ನೋಡಿದಳು, ಅವನ ಮುಖ ನೋಡಿದಳು, ಅವರ ಧಿವೇಹಿ ಭಾಷೆಯಲ್ಲಿ ಶುರು ಮಾಡಿದಳು. ಏನಂದಳೋ ನನಗೆ ಅರ್ಥವಾಗಲಿಲ್ಲ. ದನಿ ಏರುತ್ತಾ ಹೋಯಿತು, ಬಾಗಿಲಲ್ಲಿ ನಾಲ್ಕೈದು ಜನ ಸೇರಿದರು. ಅವನು ಕೀಲಿಗೊಂಚಲು ಎತ್ತಿಕೊಂಡ. ಕಪಾಟು ತೆಗೆದ. ಪಾಸ್‌ಪೋರ್ಟನ್ನು ಮೇಜಿನ ಮೇಲೆ ಎಸೆದ, ಕೊಡಲಿಲ್ಲ. ಎತ್ತಿಕೊಂಡೆ. ಕೊನೆಯ ತಿಂಗಳ ಪಗಾರ ಇವತ್ತಿಗೂ ಬಂದಿಲ್ಲ.

ಇಷ್ಟು ಹಟ ಎಲ್ಲಿಂದ ಬಂತು ಎಂದು ಕೇಳುತ್ತಾರೆ. ಮುಳುಗಡೆ ಊರಿನ ಮಗಳು ನಾನು. ಆಲಮಟ್ಟಿ ಹಿನ್ನೀರಿಗೆ ಹಳೇ ಬಾಗಲಕೋಟೆಯ ಮನೆ ಕೊಟ್ಟ ಅಪ್ಪ ನೋಟಿಸು, ಪಂಚನಾಮೆ, ಪರಿಹಾರದ ಚೀಟಿ, ಬಾಗಲಕೋಟೆ ಪಟ್ಟಣ ಅಭಿವೃದ್ಧಿ ಪ್ರಾಧಿಕಾರದ (ಬಿಟಿಡಿಎ) ಸೈಟಿನ ಪತ್ರ ಎಲ್ಲವನ್ನೂ ಟ್ರಂಕಿನಲ್ಲಿ ಇಟ್ಟಿದ್ದಾನೆ. ಸಹಿ ಇಲ್ಲದ ಕಾಗದ ಈ ಮನೆಯೊಳಗೆ ಬಂದದ್ದೇ ಇಲ್ಲ. (ಈಗ ಅಣೆಕಟ್ಟಿನ ಎತ್ತರ 519.60ರಿಂದ 524.256 ಮೀಟರ್‌ಗೆ ಏರಿಸುವ ಮಾತು ಮತ್ತೆ ಶುರುವಾಗಿದೆ, ಟ್ರಂಕು ಇನ್ನೊಂದು ಬೇಕಾದೀತು.) ನನ್ನ ಹತ್ತಿರ ಕರಾರಿನ ಪ್ರತಿ, ಅದರ ಫೋಟೋ, ಅವ್ವನ ಫೋನಿನಲ್ಲಿ ಇನ್ನೊಂದು ಫೋಟೋ ಇದ್ದದ್ದು ಅಪ್ಪನಿಂದ.

ಬಂದ ಮೇಲೆ ಮಾಮಾ ಅಂದದ್ದು: "ಎರಡ ವರ್ಷ ಹಲ್ಲ ಕಚಗೊಂಡ ಇರಾಕ ಏನಾಗಿತ್ತ ನಿನಗ? ನನ್ನ ಮರ್ಯಾದಿ ತಗದಿ." ಬಿಎಡ್ ಅಂಕಪಟ್ಟಿ ಏಜೆಂಟನ ಹತ್ತಿರವೇ ಉಳಿದಿತ್ತು. ಕರಾರು ಮುರಿದದ್ದಕ್ಕೆ ದಂಡ ಕೊಟ್ಟು ಒಯ್ಯಿ ಅಂದ ಏಜೆಂಟ್. ಮಾಮಾ ಅವನ ಪರವಾಗಿಯೇ ಮಾತಾಡಿದ. ಕೊನೆಗೆ ಅಪ್ಪ ಪೊಲೀಸ್ ಠಾಣೆಗೆ ಹೋಗಿ ಅರ್ಜಿ ಕೊಟ್ಟ ಮೇಲೆ ಅದು ಕೊರಿಯರ್‌ನಲ್ಲಿ ಬಂತು, ಮೂಲೆ ಮಡಚಿ.

ಹೋಗುವವರು ಅಸಲು ಅಂಕಪಟ್ಟಿ ಯಾರಿಗೂ ಬಿಟ್ಟು ಹೋಗಬೇಡಿ, ಅಟೆಸ್ಟೇಶನ್ ಮುಗಿದ ಕೂಡಲೇ ಇಸಕೊಳ್ಳಿ. ಪಗಾರ ಯಾವ ನಾಣ್ಯದಲ್ಲಿ, ಊರಿಗೆ ಎಷ್ಟು ಕಳಿಸಬಹುದು, ಕೇಳಿ. ಬಿಡುವುದಾದರೆ ರಾಜೀನಾಮೆಗೆ ಮೊದಲೇ ಅನುಭವ ಪತ್ರ ಬರೆಸಿಕೊಳ್ಳಿ, ಆಮೇಲೆ ಕೊಡುವುದಿಲ್ಲ. ರಜೆಯ ನೆಪದಲ್ಲಿ ಬಂದವರ ಹೆಸರನ್ನು ಶಾಲೆಯವರು ಕೆಲಸ ಬಿಟ್ಟು ಪರಾರಿ ಎಂದು ಬರೆಸಬಹುದು, ಮತ್ತೆ ಆ ದೇಶದ ಕಡೆ ಹೋಗಬೇಕೆಂದರೆ ಅದು ಅಡ್ಡ ಬರುತ್ತದೆ. ನೆರವಿಗೆ ಭಾರತದಲ್ಲಿ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ 1800 11 3090 ಇದೆ.

ಈಗ ಮಾಮಾ ಅದೇ ಏಜೆಂಟನ ಮೂಲಕ ಇಳಕಲ್ಲಿನ ಒಂದು ಹುಡುಗಿಯನ್ನು ಕಳಿಸುತ್ತಿದ್ದಾನೆ. ನಂಬರ್ ಹುಡುಕಿ ಫೋನ್ ಮಾಡಿದೆ. ಕರಾರಿನ ಫೋಟೋ ಕಳಸವಾ, ನಾನು ಓದಿ ಹೇಳ್ತೀನಿ ಅಂದೆ. "ನಿಮ್ಮ ಮಾಮಾರು ನಿಮಗ ತೋರಸಬ್ಯಾಡ ಅಂದಾರ್ರಿ ಅಕ್ಕಾರ" ಅಂದಳು. ನಾಳೆ ಅವರ ಅಪ್ಪನನ್ನು ನೋಡಲು ಇಳಕಲ್ ಬಸ್ ಹತ್ತುತ್ತಿದ್ದೇನೆ, ಟ್ರಂಕಿನಿಂದ ನನ್ನ ಕರಾರನ್ನೂ ತೆಗೆದುಕೊಂಡು.