ಮೂಗಿಗಿಂತ ಮೂಗುತಿ ಭಾರವಾಗದಿರಲಿ

ಕಾರು ಕೊಳ್ಳುವಾಗ ಬಣ್ಣ ಯಾವುದೆಂದು ಎರಡು ವಾರ ತಲೆ ಕೆಡಿಸಿಕೊಳ್ಳುತ್ತೀರಿ. ಸೀಟಿನ ಕವರಿಗಾಗಿ ನಾಲ್ಕು ಅಂಗಡಿ ಸುತ್ತುತ್ತೀರಿ. ಟೈರ್ ಬದಲಿಸುವ ದಿನ ಮಾತ್ರ ಅಂಗಡಿಯವನ ಕೈಗೆ ಕೀ ಕೊಟ್ಟು, "ಚೆನ್ನಾಗಿರೋದು ನಾಲ್ಕು ಹಾಕಪ್ಪ" ಎಂದು ಹೇಳಿ ಕಾಫಿ ಕುಡಿಯಲು ಹೊರಟುಬಿಡುತ್ತೀರಿ. ಇದು ಸರಿಯೇ? ಮನೆಮಂದಿಯನ್ನೆಲ್ಲ ಹೊತ್ತು ಓಡುವುದು ಬಣ್ಣವಲ್ಲ, ಟೈರು. ಮಕ್ಕಳಿಗೆ ಚಪ್ಪಲಿ ಕೊಡಿಸುವಾಗ ನಂಬರ್ ನೋಡುವ ನೀವು ಕಾರಿನ ಟೈರಿಗೂ ಅಷ್ಟು ಮುತುವರ್ಜಿ ತೋರಿಸಬೇಡವೇ?

ನನ್ನ ಅಕ್ಕನ ಮಗನ ಕಥೆ ಕೇಳಿ. ಅವನ ಕಾರಿಗೆ ಕಂಪನಿ ಕೊಟ್ಟ ಟೈರ್ 185/65 ಆರ್15. ಸವೆದಾಗ ಅಂಗಡಿಯವರು, "205 ಹಾಕಿಸಿ ಸಾರ್, ಗಾಡಿ ಗತ್ತಾಗಿ ಕಾಣುತ್ತೆ" ಎಂದರು. ಇವನೂ ಹೂಂ ಅಂದ. ಊರೊಳಗೆ ಒಬ್ಬನೇ ಓಡಾಡುವಾಗ ಏನೂ ಗೊತ್ತಾಗಲಿಲ್ಲ. ಧರ್ಮಸ್ಥಳಕ್ಕೆಂದು ನಾನೂ ಸೇರಿ ಐದು ಜನ ಕುಳಿತು, ಡಿಕ್ಕಿ ತುಂಬ ಬ್ಯಾಗು ತುರುಕಿ, ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯುವಾಗ ಸ್ಟೇರಿಂಗ್ ಪೂರ್ತಿ ತಿರುಗಿಸಿದ ಕಡೆಯೆಲ್ಲ ಮುಂದಿನ ಚಕ್ರದಿಂದ ಕರಕರ ಸದ್ದು. ಗಾಡಿ ಪಕ್ಕಕ್ಕೆ ಹಾಕಿ ಮೊಬೈಲಿನ ಬೆಳಕು ಬಿಟ್ಟು ನೋಡಿದೆವು. ಚಕ್ರದ ಮೇಲಿನ ಕಪ್ಪು ಪ್ಲಾಸ್ಟಿಕ್ ಹೊದಿಕೆ ತುರಿಮಣೆಗೆ ಸಿಕ್ಕ ಕೊಬ್ಬರಿಯಂತೆ ಕೆರೆದುಹೋಗಿತ್ತು. ಟೈರಿನ ಅಂಚು ಉಜ್ಜಿ ಉಜ್ಜಿ ಮಿಂಚುತ್ತಿತ್ತು. ಮೆಲ್ಲಗೆ ಇಳಿದು ಮೆಲ್ಲಗೆ ಊರು ಸೇರಿದೆವು. ಮುಂದಿನ ವಾರವೇ ಹಳೆಯ ಸೈಜಿಗೆ ಮರಳಿದ್ದಾಯಿತು. ದುಡ್ಡು ಎರಡೆರಡು ಸಲ ದಂಡ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಅವನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಕಂಪನಿ ಕೊಟ್ಟ ರಿಮ್ಮನ್ನೇ ಉಳಿಸಿಕೊಳ್ಳುವುದಾದರೆ ಕಂಪನಿ ಹೇಳಿದ ಸೈಜಿನ ಟೈರನ್ನೇ ಹಾಕಿಸಿ. ಆ ಸೈಜು ಯಾವುದೆಂದು ಅಂಗಡಿಗೆ ಹೋಗುವ ಮೊದಲೇ ನಿಮಗೆ ಗೊತ್ತಿರಲಿ.

ಎಲ್ಲಿ ನೋಡಬೇಕು? ಡ್ರೈವರ್ ಬಾಗಿಲು ತೆರೆದರೆ ಕಂಬದ ಮೇಲೆ ಅಥವಾ ಬಾಗಿಲಿನ ಅಂಚಿನಲ್ಲಿ ಒಂದು ಚೀಟಿ ಅಂಟಿಸಿರುತ್ತಾರೆ. ಟೈರಿನ ಸೈಜು, ಹಿಂದೆ ಮುಂದೆ ಎಷ್ಟೆಷ್ಟು ಗಾಳಿ, ಎಲ್ಲ ಅದರಲ್ಲಿದೆ. ಕಾರಿನ ಜೊತೆ ಬಂದ ಪುಸ್ತಕದಲ್ಲೂ ಇದೆ. ಪ್ಲಾಸ್ಟಿಕ್ ಕವರನ್ನೂ ಬಿಚ್ಚದೆ ಡ್ಯಾಶ್‌ಬೋರ್ಡಿನಲ್ಲಿ ಇಟ್ಟಿದ್ದೀರಲ್ಲ, ಅದೇ ಪುಸ್ತಕ. ಓಡುತ್ತಿರುವ ಟೈರನ್ನು ಮಾತ್ರ ನೋಡಿ ಬರೆದುಕೊಳ್ಳಬೇಡಿ. ಸೆಕೆಂಡ್ ಹ್ಯಾಂಡ್ ಕಾರಾಗಿದ್ದರೆ ಹಿಂದಿನವರು ಏನು ಹಾಕಿಸಿದ್ದರೋ ಯಾರಿಗೆ ಗೊತ್ತು?

ಈಗ ಆ ಅಂಕಿಗಳನ್ನು ಓದುವುದು ಕಲಿಯಿರಿ. 165/80 ಆರ್14 ಎಂದಿದೆ ಎನ್ನಿ. 165 ಟೈರಿನ ಅಗಲ, ಮಿಲಿಮೀಟರಿನಲ್ಲಿ. 80 ಎಂದರೆ ಆ ಅಗಲದ ಶೇಕಡಾ 80ರಷ್ಟು ಟೈರಿನ ಪಕ್ಕದ ಎತ್ತರ, ಅಂದರೆ 132 ಮಿ.ಮೀ. 14 ಎಂದರೆ ರಿಮ್ಮಿನ ವ್ಯಾಸ, ಇಂಚಿನಲ್ಲಿ. ಒಂದೇ ಸಾಲಿನಲ್ಲಿ ಮೂರು ಥರದ ಅಳತೆ ಎಂದು ಗಾಬರಿಯಾಗಬೇಡಿ. ಹಾಲು ಲೀಟರಿನಲ್ಲಿ, ಚಿನ್ನ ಗ್ರಾಮಿನಲ್ಲಿ, ಮಲ್ಲಿಗೆ ಮೊಳದಲ್ಲಿ ಕೊಳ್ಳುವ ನಿಮಗೆ ಇದೇನು ಮಹಾ! ಇನ್ನು ಆ 'ಆರ್' ಅಕ್ಷರ. ಅದು ರೇಡಿಯಸ್ ಎಂದು ತಿಳಿದವರೇ ಹೆಚ್ಚು. ಅಲ್ಲ, ಅದು ರೇಡಿಯಲ್. ಟೈರಿನೊಳಗಿನ ನೂಲು ಒಂದಂಚಿನಿಂದ ಇನ್ನೊಂದಂಚಿಗೆ ನೇರವಾಗಿ ಹಾಯ್ದಿದೆ ಎಂಬುದಕ್ಕೆ ಗುರುತು.

ಈಗ ಸಣ್ಣ ಲೆಕ್ಕ. ಪಕ್ಕದ ಎತ್ತರವನ್ನು ಎರಡರಿಂದ ಗುಣಿಸಿ, ರಿಮ್ಮಿನ ಇಂಚನ್ನು 25.4ರಿಂದ ಗುಣಿಸಿ, ಎರಡನ್ನೂ ಕೂಡಿಸಿ. 165/80 ಆರ್14 ಟೈರಿನ ಒಟ್ಟು ಎತ್ತರ ಸುಮಾರು 620 ಮಿ.ಮೀ. ಬಂತೇ? ಸ್ವಿಫ್ಟ್ ಕಾರಿನ ಹಿಂದಿನ ಮಾದರಿಗಳಲ್ಲಿ ಕೆಳಗಿನ ವೇರಿಯಂಟಿಗೆ ಇದೇ ಸೈಜು, ಮೇಲಿನದಕ್ಕೆ 185/65 ಆರ್15. ಅದರ ಎತ್ತರವನ್ನೂ ಹಾಗೆಯೇ ಲೆಕ್ಕ ಹಾಕಿ: 621 ಚಿಲ್ಲರೆ. ರಿಮ್ಮು ಒಂದಿಂಚು ದೊಡ್ಡದಾದರೂ ಟೈರಿನ ಪಕ್ಕವನ್ನು ತಗ್ಗಿಸಿ, ಒಟ್ಟು ಎತ್ತರ ಎರಡು ಮಿಲಿಮೀಟರೂ ವ್ಯತ್ಯಾಸವಾಗದಂತೆ ನೋಡಿಕೊಂಡಿದ್ದಾರೆ. ಗೇರು, ಸ್ಪೀಡೋಮೀಟರು, ಬ್ರೇಕಿನ ಎಬಿಎಸ್ ಎಲ್ಲವೂ ಚಕ್ರ ಇಷ್ಟೇ ಎತ್ತರವಿದೆ ಎಂದು ನಂಬಿ ಕೆಲಸ ಮಾಡುತ್ತವೆ. ಅದಕ್ಕೇ ಅಷ್ಟು ಜಾಗ್ರತೆ.

ಎಡವುವುದೂ ಇಲ್ಲೇ. ಪಕ್ಕದ ಮನೆಯವರ ಕಾರಿನಲ್ಲಿ 185/65 ಇರುವುದನ್ನು ನೋಡಿಕೊಂಡು, ನಿಮ್ಮ 14 ಇಂಚಿನ ರಿಮ್ಮಿಗೂ 185/65 ಕೇಳುತ್ತೀರಿ. ಆ ಟೈರು ಸಿಗುತ್ತದೆ, ರಿಮ್ಮಿಗೆ ಕೂರುತ್ತದೆ ಕೂಡ. ಆದರೆ ಅದರ ಎತ್ತರ 596 ಮಿ.ಮೀ. ಮಾತ್ರ, ಇದ್ದದ್ದಕ್ಕಿಂತ 24 ಮಿ.ಮೀ. ಕಡಿಮೆ. ಕಾರು 12 ಮಿ.ಮೀ. ನೆಲಕ್ಕೆ ಇಳಿಯಿತು. ನಮ್ಮ ಬೀದಿಯ ಹಂಪುಗಳ ಮೇಲೆ ಹೊಟ್ಟೆ ಉಜ್ಜಿಸಿಕೊಂಡು ಹೋಗುವ ಕಾರಿಗೆ ಆ 12 ಮಿ.ಮೀ. ಎಷ್ಟು ದೊಡ್ಡದೆಂದು ನಿಮಗೇ ಗೊತ್ತು. ನೆರೆಮನೆಯ ಕಾರಿನ ಹೆಸರು ನಿಮ್ಮ ಕಾರಿನದೇ ಆಗಿರಬಹುದು. ವೇರಿಯಂಟ್ ಬೇರೆಯಾದರೆ ಸೈಜೂ ಬೇರೆ.

ದೊಡ್ಡದು ಹಾಕಿದರೆ ತೊಂದರೆ ಇನ್ನೊಂದು ಬಗೆ. ನನ್ನ ಅಕ್ಕನ ಮಗ ಹಾಕಿಸಿದ 205/65 ಆರ್15 ಟೈರಿನ ಎತ್ತರ 647 ದಾಟುತ್ತದೆ, ಶೇಕಡಾ 4ರಷ್ಟು ಹೆಚ್ಚು. ಚಕ್ರ ಒಂದು ಸುತ್ತಿಗೆ ಹೆಚ್ಚು ದೂರ ಹೋಗುವುದರಿಂದ, ಮೊದಲು ಮುಳ್ಳು ತೋರುತ್ತಿದ್ದ ಅದೇ 100ಕ್ಕೆ ಗಾಡಿ ಈಗ ಶೇಕಡಾ 4ರಷ್ಟು ಹೆಚ್ಚು ಜೋರಾಗಿ ಓಡುತ್ತಿರುತ್ತದೆ. ಪಿಕಪ್ ಕುಗ್ಗುತ್ತದೆ, ಸ್ಟೇರಿಂಗ್ ಭಾರವಾಗುತ್ತದೆ, ಅಗಲ ಹೆಚ್ಚಾದಷ್ಟೂ ಪೆಟ್ರೋಲು ಹೆಚ್ಚು ಕುಡಿಯುತ್ತದೆ. ಮಳೆಗಾಲದಲ್ಲಿ ರಸ್ತೆ ಮೇಲೆ ನೀರು ನಿಂತಿದ್ದರೆ ಅಗಲದ ಟೈರು ಬೇಗ ನೀರಿನ ಮೇಲೆ ತೇಲುತ್ತದೆ. ಸಣ್ಣ ಕಾರಿಗೆ ಇಂಥ ಟೈರು, ಮೂಗಿಗಿಂತ ಮೂಗುತಿ ಭಾರ.

ರಿಮ್ಮಿನ ಅಗಲವನ್ನೂ ಮರೆಯಬೇಡಿ. ರಿಮ್ಮಿನ ಮೇಲೆ 14×5ಜೆ ಎಂಬಂಥ ಅಚ್ಚು ಇರುತ್ತದೆ. 5 ಎಂದರೆ ರಿಮ್ಮು ಐದಿಂಚು ಅಗಲ. ಪ್ರತಿ ಟೈರಿಗೂ ಇಷ್ಟರಿಂದ ಇಷ್ಟು ಅಗಲದ ರಿಮ್ಮು ಎಂಬ ಮಿತಿ ಉಂಟು. 185/65 ಆರ್15 ಟೈರಿಗೆ ಅದು ಐದರಿಂದ ಆರೂವರೆ ಇಂಚು. ಕಿರಿದಾದ ರಿಮ್ಮಿಗೆ ತೀರಾ ಅಗಲದ ಟೈರ್ ತುರುಕಿದರೆ ಅದರ ಎರಡೂ ಪಕ್ಕ ಒಳಗೆ ಹಿಂಡಿ, ಟೈರು ನಡುವೆ ಉಬ್ಬಿ ಸವೆಯುತ್ತದೆ, ತಿರುವಿನಲ್ಲಿ ಗಾಡಿ ತೂರಾಡುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂದದ್ದು ಸುಮ್ಮನೆಯೇ?

ಸೈಜಿನ ಪಕ್ಕದಲ್ಲೇ 85ಟಿ, 88ಎಚ್ ಎಂದು ಇನ್ನೊಂದು ಗುರುತಿದೆ. ಅದನ್ನು ಯಾರೂ ಓದುವುದಿಲ್ಲ. 85 ಎಂದರೆ ಒಂದು ಟೈರು 515 ಕಿಲೋ ಹೊರಬಲ್ಲದು, 88 ಎಂದರೆ 560 ಕಿಲೋ. ಟಿ ಎಂದರೆ ಗಂಟೆಗೆ 190 ಕಿ.ಮೀ. ವೇಗಕ್ಕೆ ತಾಳುತ್ತದೆ, ಎಚ್ ಎಂದರೆ 210. ನಾನೇನು 190ರಲ್ಲಿ ಓಡಿಸುತ್ತೇನೆಯೇ ಎಂದು ಕೇಳಬೇಡಿ. ಸುಡುಬಿಸಿಲಲ್ಲಿ, ತುಂಬಿದ ಗಾಡಿಯಲ್ಲಿ, ಹೈವೇಯಲ್ಲಿ ಗಂಟೆಗಟ್ಟಲೆ ಓಡುವಾಗ ಟೈರು ಬಿಸಿಯಾಗದೆ ಉಳಿಯಬೇಕಲ್ಲ. ಈ ಎರಡು ಗುರುತು ಕಂಪನಿಯದಕ್ಕೆ ಸಮ ಇರಲಿ, ಹೆಚ್ಚಿದ್ದರೂ ಸರಿ. ಕಡಿಮೆ ಮಾತ್ರ ಬೇಡವೇ ಬೇಡ.

ನಿಮ್ಮ ಸೈಜು ಎಲ್ಲೂ ಸಿಗುತ್ತಿಲ್ಲವೇ? ಆಗ ಮಾತ್ರ ಬದಲಿ ಯೋಚಿಸಿ. ಎತ್ತರದ ವ್ಯತ್ಯಾಸ ಶೇಕಡಾ 3 ದಾಟಬಾರದೆಂದು ಬಲ್ಲವರು ಹೇಳುತ್ತಾರೆ. ನನ್ನನ್ನು ಕೇಳಿದರೆ ಒಂದರೊಳಗೇ ಇರಿ. 165/80 ಆರ್14 ಬದಲು 185/70 ಆರ್14 ಹಾಕಿದರೆ ಎತ್ತರ 5 ಮಿ.ಮೀ.ಯಷ್ಟೇ ಇಳಿಯುತ್ತದೆ, ಐದಿಂಚಿನ ರಿಮ್ಮಿಗೂ ಒಗ್ಗುತ್ತದೆ. ಆದರೂ ನಿಮ್ಮ ಸರ್ವಿಸ್ ಸೆಂಟರಿನಲ್ಲಿ ಒಂದು ಮಾತು ಕೇಳಿ, ಹಾಕಿಸುವುದಾದರೆ ನಾಲ್ಕಕ್ಕೂ ಅದನ್ನೇ ಹಾಕಿಸಿ.

ಅಂಗಡಿಯಲ್ಲಿ ನಾಚಿಕೆ ಬಿಟ್ಟು ಈ ಕೆಲಸ ಮಾಡಿ. ಟೈರು ರಿಮ್ಮಿಗೆ ಏರುವ ಮೊದಲೇ ಸೈಜನ್ನು ನೀವೇ ಬೆರಳಿಟ್ಟು ಓದಿ. ಐಎಸ್‌ಐ ಗುರುತು ಇದೆಯೇ ನೋಡಿ. ನಾಲ್ಕು ಅಂಕಿಯ ತಯಾರಿಕೆ ದಿನಾಂಕ ಹುಡುಕಿ. 2324 ಎಂದಿದ್ದರೆ 2024ರ 23ನೇ ವಾರದ ಮಾಲು. ಕೊತ್ತಂಬರಿ ಸೊಪ್ಪು ವಾಸನೆ ನೋಡಿ ತರುವವರು ವರ್ಷಗಟ್ಟಲೆ ಗೋಡೌನಿನಲ್ಲಿ ಒಣಗಿದ ಟೈರನ್ನು ಕಣ್ಣು ಮುಚ್ಚಿ ತರಬಾರದು. ತಿರುಗುವ ದಿಕ್ಕಿಗೆ ಬಾಣದ ಗುರುತಿದ್ದರೆ ಸರಿಯಾಗಿ ಕೂರಿಸಿದ್ದಾರೆಯೇ ಗಮನಿಸಿ. ಟೈರಿನ ಜೊತೆ ವಾಲ್ವನ್ನೂ ಹೊಸದು ಹಾಕಿಸಿ, ಬ್ಯಾಲೆನ್ಸಿಂಗ್ ಮತ್ತು ಅಲೈನ್‌ಮೆಂಟ್ ಬಿಡಬೇಡಿ. ಬ್ರ್ಯಾಂಡ್ ನಿಮ್ಮಿಷ್ಟ. ವಿಕ್ರಾಂತ್ ಕಂಪನಿಯ ಕಾಲದಿಂದ ನಮ್ಮ ಮೈಸೂರಿನಲ್ಲೇ ಟೈರ್ ತಯಾರಾಗುತ್ತಿದೆ. ಹೆಸರು ಯಾವುದಾದರೇನು, ಸೈಜು ಸರಿಯಿರಲಿ.

ಮಾಡಬಾರದ್ದನ್ನೂ ಹೇಳಿಬಿಡುತ್ತೇನೆ. ಒಂದೇ ಆಕ್ಸಲಿನ ಎಡಕ್ಕೊಂದು ಬಲಕ್ಕೊಂದು ಸೈಜು ಹಾಕಿಸಬೇಡಿ. ಎರಡೇ ಟೈರ್ ಕೊಳ್ಳುವ ಶಕ್ತಿ ಇದ್ದರೆ ಹೊಸದನ್ನು ಹಿಂದಕ್ಕೆ ಹಾಕಿಸಿ. ಒದ್ದೆ ರಸ್ತೆಯಲ್ಲಿ ಹಿಂಬದಿ ಜಾರಿದರೆ ಗಾಡಿಯನ್ನು ಹಿಡಿಯುವುದು ಕಷ್ಟ. ಬಂಕಿನ ಹುಡುಗ ಎಲ್ಲ ಗಾಡಿಗೂ ಹಾಕುವ 35 ನಿಮಗೆ ಬೇಡ, ಬಾಗಿಲ ಚೀಟಿಯಲ್ಲಿ ಇರುವಷ್ಟೇ ಗಾಳಿ ಹಾಕಿಸಿ, ಅದೂ ಟೈರು ತಣ್ಣಗಿದ್ದಾಗ. ಟೈರಿನ ಮೇಲೆ ಬರೆದ ಗಾಳಿಯ ಅಂಕಿ ಗರಿಷ್ಠ ಮಿತಿ, ಹಾಕಬೇಕಾದ ಅಳತೆಯಲ್ಲ. ಸ್ಟೆಪ್ನಿ ಸಣ್ಣ ಸೈಜಿನದಾಗಿದ್ದರೆ ಅದರ ಮೇಲೆ ಬರೆದ ವೇಗ ಮೀರಬೇಡಿ. ಪಂಕ್ಚರ್ ಅಂಗಡಿವರೆಗೆ ಮುಟ್ಟಿಸುವುದಷ್ಟೇ ಅದರ ಕೆಲಸ. ಗೆರೆಗಳ ನಡುವೆ ಇರುವ ಸಣ್ಣ ದಿಂಡಿನ ಮಟ್ಟಕ್ಕೆ, ಅಂದರೆ 1.6 ಮಿ.ಮೀ.ಗೆ ಟೈರು ಸವೆದಿದ್ದರೆ ಇನ್ನೊಂದು ಮಳೆಗಾಲ ತಳ್ಳೋಣ ಎಂಬ ಯೋಚನೆ ಬಿಡಿ.

ಇಷ್ಟು ಹೇಳಿದ್ದಕ್ಕೆ ಬೇಸರ ಮಾಡಿಕೊಳ್ಳಬೇಡಿ. ಇವತ್ತು ಸಂಜೆ ಕಾರಿನ ಬಾಗಿಲು ತೆಗೆದು ಆ ಚೀಟಿ ಓದಿ, ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಆಮೇಲೆ ಬಗ್ಗಿ ನಾಲ್ಕೂ ಟೈರು ಮತ್ತು ಸ್ಟೆಪ್ನಿಯನ್ನು ಅದರೊಂದಿಗೆ ಹೋಲಿಸಿ ನೋಡಿ. ಹತ್ತು ನಿಮಿಷದ ಕೆಲಸ. ಮುಂದಿನ ಸಲ ಅಂಗಡಿಗೆ ಹೋದಾಗ "ಚೆನ್ನಾಗಿರೋದು ಹಾಕಪ್ಪ" ಅನ್ನಬೇಡಿ, ಸೈಜು ಹೇಳಿ ಕೇಳಿ. ಕಾಫಿಯನ್ನು ಟೈರು ಕೂತ ಮೇಲೆ ಕುಡಿದರಾಯಿತು.